ಕಳೆಯುವ ಲೆಕ್ಕ: ಬುದ್ಧಿಯನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಗಳ ಒಂದು ವಿಮರ್ಶೆ

ಅಮೆರಿಕದ ವೈದ್ಯರ ಕ್ಲಿನಿಕ್ಕುಗಳಲ್ಲಿ ರಕ್ತದೊತ್ತಡ ನೋಡುವ ಪಟ್ಟಿ ಮತ್ತು ತೂಕದ ಯಂತ್ರಗಳ ಜೊತೆಗೆ ಈಗ ಇನ್ನೊಂದು ಸಲಕರಣೆ ಕಾಣಿಸತೊಡಗಿದೆ. ಅದು ಒಂದು ಟ್ಯಾಬ್ಲೆಟ್. 65 ದಾಟಿದವರ ಕೈಗೆ ಅದನ್ನು ಕೊಡುತ್ತಾರೆ. ಪರದೆಯ ಮೇಲೆ ಚಿತ್ರಗಳು, ಅಂಕಿಗಳು, ಬಾಣಗಳು ಬಂದು ಹೋಗುತ್ತವೆ. ಬೇಗ ಬೇಗ ಮುಟ್ಟಬೇಕು. ಹತ್ತು ಹದಿನೈದು ನಿಮಿಷಗಳಲ್ಲಿ ಒಂದು ಅಂಕ ಹೊರಬೀಳುತ್ತದೆ. ಜೊತೆಗೆ ಹಸಿರು, ಹಳದಿ, ಕೆಂಪು ಬಣ್ಣದ ಒಂದು ನಕ್ಷೆಯೂ ಇರಬಹುದು. ಮೆಡಿಕೇರ್ ವಿಮೆಯಲ್ಲಿ 2011ರಿಂದ ಇರುವ ವಾರ್ಷಿಕ ಭೇಟಿಯಲ್ಲಿ ಗ್ರಹಣಶಕ್ತಿಯ ಕುಂದನ್ನೂ ಗಮನಿಸಬೇಕೆಂಬ ನಿಯಮವಿದೆ. ಯಾವ ಸಾಧನದಿಂದ ಗಮನಿಸಬೇಕು ಎಂದು ಆ ನಿಯಮ ಹೇಳುವುದಿಲ್ಲ. ವೈದ್ಯರಿಗೆ ಸಮಯ ಕಡಿಮೆ, ಯಂತ್ರಕ್ಕೆ ಆ ತೊಂದರೆಯಿಲ್ಲ. ಹೀಗಾಗಿ ಟ್ಯಾಬ್ಲೆಟ್ ಬಂದಿತು.

ನಮ್ಮ ಸಂಘದ ಬಹಳ ಮನೆಗಳಲ್ಲಿ ಈಗ ಹಿರಿಯರಿದ್ದಾರೆ. ಕೆಲವರು ಇಲ್ಲೇ ವಯಸ್ಸಾದವರು, ಅಂದರೆ ನನ್ನ ತಲೆಮಾರಿನವರು. ಕೆಲವರು ಮಕ್ಕಳ ಜೊತೆಗಿರಲು ಊರಿನಿಂದ ಬಂದವರು. ಆ ಒಂದು ಅಂಕದ ಮೇಲೆ ಅವರ ಕಾರಿನ ಕೀಲಿಕೈ, ಬ್ಯಾಂಕ್ ಖಾತೆ, ಒಬ್ಬರೇ ಮನೆಯಲ್ಲಿರುವ ಸ್ವಾತಂತ್ರ್ಯ ನಿಂತುಬಿಡಬಹುದು. ಆದ್ದರಿಂದ ಈ ಪರೀಕ್ಷೆಗಳನ್ನು ಹೇಗೆ ಕಟ್ಟುತ್ತಾರೆ, ಎಲ್ಲಿ ಅವು ಗಟ್ಟಿ, ಎಲ್ಲಿ ಪೊಳ್ಳು ಎಂದು ತಿಳಿದಿರುವುದು ಒಳ್ಳೆಯದು. ನಾನು ಹೇಳಬೇಕೆಂದಿರುವುದು ಇಷ್ಟು: ಇಂಥ ಪರೀಕ್ಷೆಯ ಅಂಕ ಮಿದುಳೊಂದರದೇ ಅಲ್ಲ. ಅದರಲ್ಲಿ ಯಂತ್ರದ ಪಾಲಿದೆ, ಕಣ್ಣು ಮತ್ತು ಬೆರಳಿನ ಪಾಲಿದೆ, ಭಾಷೆಯ ಪಾಲಿದೆ, ಶಾಲೆಯ ಪಾಲಿದೆ. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಮಿದುಳಿನ ಪಾಲು. ಕಳೆಯುವ ಈ ಲೆಕ್ಕವನ್ನು ತನ್ನೊಳಗೇ ಮಾಡಿಕೊಂಡಿರುವ ಪರೀಕ್ಷೆ ಒಳ್ಳೆಯದು. ಹಾಗೆ ಮಾಡದೆ ಮಿಲಿಸೆಕೆಂಡುಗಳ ಠೀವಿ ತೋರಿಸುವುದು ಕೆಟ್ಟದ್ದು.

ಗ್ರೀನಿಚ್‌ನ ಸಹಾಯಕ, ಉಟ್ರೆಕ್ಟ್‌ನ ವೈದ್ಯ

ಈ ಶಾಸ್ತ್ರ ಕಂಪ್ಯೂಟರಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮ್ಯಾಸ್ಕಲೀನ್ ಎಂಬ ಖಗೋಳಶಾಸ್ತ್ರಜ್ಞ 1796ರಲ್ಲಿ ತನ್ನ ಸಹಾಯಕ ಡೇವಿಡ್ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದುಹಾಕಿದ. ನಕ್ಷತ್ರವೊಂದು ದೂರದರ್ಶಕದ ತಂತಿಯನ್ನು ದಾಟುವ ಗಳಿಗೆಯನ್ನು ಸಹಾಯಕ ಯಜಮಾನನಿಗಿಂತ ಸುಮಾರು 0.8 ಸೆಕೆಂಡು ತಡವಾಗಿ ಬರೆಯುತ್ತಿದ್ದ ಎಂಬುದೇ ಕಾರಣ. ಎರಡು ದಶಕಗಳಾದ ಮೇಲೆ ಜರ್ಮನಿಯ ಫ್ರೀಡ್ರಿಶ್ ಬೆಸೆಲ್ ಈ ಪ್ರಸಂಗವನ್ನು ಗಮನಿಸಿ ನುರಿತ ವೀಕ್ಷಕರನ್ನೇ ಪರೀಕ್ಷಿಸಿದ. ಅವರಲ್ಲೂ ಒಬ್ಬರಿಂದೊಬ್ಬರಿಗೆ ವ್ಯತ್ಯಾಸವಿತ್ತು. ನೋಡುವ ಕಣ್ಣಿಗೂ ಬರೆಯುವ ಕೈಗೂ ನಡುವೆ ಪ್ರತಿಯೊಬ್ಬರಿಗೂ ಅವರದೇ ಆದ ವಿಳಂಬವಿದೆ, ಅದು ಅಸಡ್ಡೆಯಲ್ಲ ಎಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಕಿನ್ನೆಬ್ರೂಕ್ ತೀರಿಹೋಗಿದ್ದ. ಮನುಷ್ಯನ ವೇಗವನ್ನು ಅಳೆಯುವ ಶಾಸ್ತ್ರ ಹೀಗೆ ಒಬ್ಬ ನಿರಪರಾಧಿಯ ಕೆಲಸ ಹೋದ ಕತೆಯಿಂದ ಶುರುವಾಗಿದೆ.

ಎರಡನೆಯ ದೊಡ್ಡ ಹೆಜ್ಜೆ ಇಟ್ಟವನು ಒಬ್ಬ ವೈದ್ಯ. ನೆದರ್‌ಲೆಂಡ್ಸಿನ ಉಟ್ರೆಕ್ಟ್‌ನ ಫ್ರಾನ್ಸಿಸ್ಕಸ್ ಡಾಂಡರ್ಸ್ ಕಣ್ಣಿನ ವೈದ್ಯನಾಗಿ ಹೆಸರಾದವನು. 1868ರಲ್ಲಿ ಅವನು ಒಂದು ಸರಳ ಉಪಾಯ ಸೂಚಿಸಿದ. ಒಂದೇ ಸಂಕೇತಕ್ಕೆ ಒಂದೇ ಉತ್ತರ ಕೊಡುವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಳೆಯಿರಿ. ಆಮೇಲೆ ಹಲವು ಸಂಕೇತಗಳಲ್ಲಿ ಯಾವುದು ಬಂದಿತೆಂದು ಗುರುತಿಸಿ ತಕ್ಕ ಉತ್ತರ ಆರಿಸುವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಳೆಯಿರಿ. ಎರಡರಲ್ಲೂ ಕಣ್ಣು ಕಿವಿಗಳ ಕೆಲಸ ಒಂದೇ, ಸ್ನಾಯುವಿನ ಕೆಲಸ ಒಂದೇ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಗುರುತಿಸಿ ಆರಿಸಲು ಮನಸ್ಸು ತೆಗೆದುಕೊಂಡ ಹೊತ್ತು. ಮನಸ್ಸು ಎಂಬ ಕಾಣದ ವಸ್ತುವನ್ನು ವ್ಯವಕಲನದಿಂದ ಹಿಡಿದ ಈ ಉಪಾಯ ಇಂದಿಗೂ ನೂರಾರು ಕಂಪ್ಯೂಟರ್ ಪರೀಕ್ಷೆಗಳ ಬೆನ್ನೆಲುಬು. ಇದೇ ಅಳತೆಗೋಲನ್ನು ಹಿಡಿದು ಇಂದಿನ ಪರೀಕ್ಷೆಗಳನ್ನು ನೋಡೋಣ.

ಯಂತ್ರದ ಪಾಲು

ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಅಂದರೆ ಸುಮಾರು 16.7 ಮಿಲಿಸೆಕೆಂಡಿಗೆ ಒಮ್ಮೆ. ‘ಈಗ ತೋರಿಸು’ ಎಂದು ಪ್ರೋಗ್ರಾಮ್ ಹೇಳಿದರೂ ಪರದೆ ತನ್ನ ಸರದಿ ಬರುವವರೆಗೆ ಕಾಯುತ್ತದೆ. ಸಾಮಾನ್ಯ ಯುಎಸ್‌ಬಿ ಕೀಲಿಮಣೆಯನ್ನು ಕಂಪ್ಯೂಟರ್ ಸೆಕೆಂಡಿಗೆ 125 ಸಲ, ಎಂದರೆ 8 ಮಿಲಿಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಸ್ಪರ್ಶಪರದೆಗಳಲ್ಲಿ ಬೆರಳು ಮುಟ್ಟಿದ್ದಕ್ಕೂ ಅದು ದಾಖಲಾಗುವುದಕ್ಕೂ ನಡುವೆ ಹತ್ತಾರು ಮಿಲಿಸೆಕೆಂಡು ಹೋಗಬಹುದು, ಅದೂ ಒಂದೊಂದು ತಯಾರಿಕೆಯಲ್ಲಿ ಒಂದೊಂದು ಬಗೆ. ದೀಪ ಕಂಡೊಡನೆ ಗುಂಡಿ ಒತ್ತುವ ಸರಳ ಕೆಲಸಕ್ಕೆ ಆರೋಗ್ಯವಂತ ಯುವಕರಿಗೆ ಬೇಕಾಗುವುದು ಸುಮಾರು ಕಾಲು ಸೆಕೆಂಡು. ವಯಸ್ಸಿನಿಂದ ಈ ಕೆಲಸದಲ್ಲಿ ಆಗುವ ನಿಧಾನವೂ ಹತ್ತಾರು ಮಿಲಿಸೆಕೆಂಡುಗಳ ಲೆಕ್ಕದ್ದೇ. ಹಾಗಾದರೆ ಮನೆಯ ಹಳೆಯ ಟ್ಯಾಬ್ಲೆಟ್ಟಿನಲ್ಲಿ ಪರೀಕ್ಷೆ ತೆಗೆದುಕೊಂಡ ಅಜ್ಜಿಯ ಅಂಕವನ್ನು, ಪ್ರಯೋಗಾಲಯದ ಉತ್ತಮ ಸಲಕರಣೆಯಲ್ಲಿ ಸಂಗ್ರಹಿಸಿದ ಸರಾಸರಿಯೊಡನೆ ಹೋಲಿಸಿದರೆ ಸಿಗುವುದು ಯಾರ ವಯಸ್ಸು? ಅಜ್ಜಿಯದೋ, ಟ್ಯಾಬ್ಲೆಟ್ಟಿನದೋ?

ಹಲವು ಸಲ ಅಳೆದು ಸರಾಸರಿ ತೆಗೆದರೆ ಇದು ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗುವ ದೋಷ ಸರಾಸರಿಯಲ್ಲಿ ಕರಗುತ್ತದೆ. ಯಾವಾಗಲೂ ಒಂದೇ ದಿಕ್ಕಿಗೆ ವಾಲುವ ವಿಳಂಬ ಸಾವಿರ ಸಲ ಅಳೆದರೂ ಹಾಗೆಯೇ ಇರುತ್ತದೆ.

ಇದಕ್ಕೆ ವಿನ್ಯಾಸದಲ್ಲೇ ಉತ್ತರವಿದೆ. ಅಮೆರಿಕದ ಸಾಲ್ ಸ್ಟರ್ನ್‌ಬರ್ಗ್ 1966ರಲ್ಲಿ ಪ್ರಕಟಿಸಿದ ಪ್ರಯೋಗ ಅದರ ಮಾದರಿ. ಒಂದರಿಂದ ಆರು ಅಂಕಿಗಳವರೆಗಿನ ಗುಂಪೊಂದನ್ನು ನೆನಪಿಟ್ಟುಕೊಳ್ಳಲು ಹೇಳಿ, ನಂತರ ಒಂದೇ ಅಂಕಿಯನ್ನು ತೋರಿಸಿ, ಅದು ಆ ಗುಂಪಿನಲ್ಲಿತ್ತೇ ಇಲ್ಲವೇ ಎಂದು ಕೇಳುವುದು. ನೆನಪಿನಲ್ಲಿರುವ ಅಂಕಿ ಒಂದು ಹೆಚ್ಚಾದಂತೆಲ್ಲ ಉತ್ತರಿಸುವ ಸಮಯ ಸುಮಾರು 38 ಮಿಲಿಸೆಕೆಂಡು ಹೆಚ್ಚಿತು. ನಕ್ಷೆಯಲ್ಲಿ ಇದು ಒಂದು ನೇರ ಗೆರೆ. ಯಂತ್ರದ ವಿಳಂಬ, ಕಣ್ಣಿನ ವಿಳಂಬ, ಬೆರಳಿನ ವಿಳಂಬ ಎಲ್ಲವೂ ಆ ಗೆರೆಯನ್ನು ಇಡಿಯಾಗಿ ಮೇಲಕ್ಕೆತ್ತುತ್ತವೆ, ಅದರ ಇಳಿಜಾರನ್ನು ಬದಲಿಸುವುದಿಲ್ಲ. ಇಳಿಜಾರು ನೆನಪನ್ನು ಹುಡುಕುವ ವೇಗವನ್ನು ಹೇಳುತ್ತದೆ. ಯಂತ್ರದ ಪಾಲನ್ನು ಪರೀಕ್ಷೆಯೇ ಕಳೆದುಬಿಟ್ಟಿದೆ. ಮಾರುಕಟ್ಟೆಯ ಯಾವುದೇ ಪರೀಕ್ಷೆಗೂ ನಾನು ಕೇಳುವ ಮೊದಲ ಪ್ರಶ್ನೆ ಇದು: ನಿಮ್ಮ ಅಂಕದಲ್ಲಿ ಇಂಥ ಇಳಿಜಾರು ಇದೆಯೇ, ಅಥವಾ ಬರೀ ಎತ್ತರ ಇದೆಯೇ?

ಕಣ್ಣು, ಬೆರಳು ಮತ್ತು ಎಚ್ಚರಿಕೆ

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ನೀಲಿ ಬೆಳಕು ಅದರಲ್ಲಿ ಕಡಿಮೆ ಹಾದುಹೋಗುತ್ತದೆ. ಪರಿಣಾಮವಾಗಿ ನೀಲಿ ಮತ್ತು ಹಸಿರಿನ ಭೇದ ಮಸುಕಾಗುತ್ತದೆ. ಆದರೂ ನೀಲಿ, ಹಸಿರು ಚುಕ್ಕೆಗಳನ್ನು ಬೇರ್ಪಡಿಸಲು ಹೇಳುವ ಪರೀಕ್ಷೆಗಳಿವೆ. ಬೆರಳ ತುದಿ ಒಣಗಿದ್ದರೆ ಸ್ಪರ್ಶಪರದೆಗೆ ಮುಟ್ಟಿದ್ದು ಗೊತ್ತಾಗದೆ ಹೋಗಬಹುದು. ನಮ್ಮ ಚಳಿಗಾಲದ ಹೀಟರ್ ಗಾಳಿಯಲ್ಲಿ ಹಿರಿಯರ ಬೆರಳು ಒಣಗದೆ ಇರುವುದೇ ಅಪರೂಪ. ಸಂಧಿವಾತವಿರುವ ಗೆಣ್ಣು, ನಡುಗುವ ಕೈ, ಅರ್ಧ ಕೇಳುವ ಕಿವಿ ಎಲ್ಲವೂ ‘ನಿಧಾನ’ ಎಂಬ ಒಂದೇ ಖಾತೆಗೆ ಜಮೆಯಾಗುತ್ತವೆ.

ಇದಕ್ಕಿಂತ ಸೂಕ್ಷ್ಮವಾದದ್ದು ಸ್ವಭಾವ. ‘ಆದಷ್ಟು ಬೇಗ, ಆದಷ್ಟು ಸರಿಯಾಗಿ’ ಎಂದು ಪರೀಕ್ಷೆ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಪೂರ್ತಿಯಾಗಿ ಪಾಲಿಸಲಾಗದು. ವೇಗ ಹೆಚ್ಚಿಸಿದರೆ ತಪ್ಪು ಹೆಚ್ಚುತ್ತದೆ. ಹುಡುಗರು ವೇಗವನ್ನು ಆರಿಸುತ್ತಾರೆ, ಹಿರಿಯರು ತಪ್ಪಾಗದಿರುವುದನ್ನು ಆರಿಸುತ್ತಾರೆ. ರೋಜರ್ ರ್ಯಾಟ್‌ಕ್ಲಿಫ್ 1978ರಲ್ಲಿ ಮುಂದಿಟ್ಟ ಗಣಿತದ ಮಾದರಿಯೊಂದು ಈ ಗಂಟನ್ನು ಬಿಡಿಸುತ್ತದೆ. ಉತ್ತರದ ಸಮಯ ಮತ್ತು ತಪ್ಪುಗಳನ್ನು ಒಟ್ಟಿಗೆ ನೋಡಿ, ಸಾಕ್ಷ್ಯ ಒಟ್ಟಾಗುವ ವೇಗ ಎಷ್ಟು, ತೀರ್ಮಾನಕ್ಕೆ ಮೊದಲು ಎಷ್ಟು ಸಾಕ್ಷ್ಯ ಬೇಕೆಂಬ ಎಚ್ಚರಿಕೆ ಎಷ್ಟು, ಉಳಿದ ಕಣ್ಣು ಕೈಗಳ ಹೊತ್ತು ಎಷ್ಟು ಎಂದು ಅದು ಬಿಡಿಬಿಡಿಯಾಗಿ ಅಂದಾಜು ಮಾಡುತ್ತದೆ. ಈ ಮಾದರಿಯಿಂದ ಅವನೂ ಅವನ ಸಂಗಡಿಗರೂ ಹಿರಿಯರನ್ನು ಪರೀಕ್ಷಿಸಿದಾಗ ಹಲವು ಕೆಲಸಗಳಲ್ಲಿ ಕಂಡದ್ದೇನು? ಹಿರಿಯರ ನಿಧಾನದಲ್ಲಿ ದೊಡ್ಡ ಪಾಲು ಎಚ್ಚರಿಕೆಯದು ಮತ್ತು ಕಣ್ಣು ಕೈಗಳದು. ಸಾಕ್ಷ್ಯ ಒಟ್ಟಾಗುವ ವೇಗ ಯುವಕರದಕ್ಕಿಂತ ಹೆಚ್ಚು ಕಡಿಮೆಯಿರಲಿಲ್ಲ. ಎಲ್ಲ ಕೆಲಸಗಳಲ್ಲೂ ಹೀಗೆಯೇ ಅಲ್ಲ, ನಿಜ. ಆದರೆ ಬರೀ ಸರಾಸರಿ ಸಮಯವನ್ನು ಮುದ್ರಿಸಿ ಕೈಗೆ ಕೊಡುವ ಪರೀಕ್ಷೆ ಎಚ್ಚರಿಕೆಯನ್ನು ಕಾಯಿಲೆಯೆಂದು ಓದುವ ಅಪಾಯವಿದೆ.

ಭಾಷೆಯ ಪಾಲು

ಇಲ್ಲಿ ಓದುಗರು ತಾವೇ ಒಂದು ಲೆಕ್ಕ ಮಾಡಿ ನೋಡಬಹುದು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು. ‘ಎರಡು’ ಮತ್ತು ‘ಒಂಬತ್ತು’ ಮೂರು ಮೂರು ಅಕ್ಷರ, ಉಳಿದವು ಎರಡೆರಡು. ಒಟ್ಟು 20. ಇಂಗ್ಲಿಷಿನಲ್ಲಿ ‘ಸೆವೆನ್’ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ಉಸಿರಿನ ಪದಗಳು. ಒಟ್ಟು 10. ಮಾತಿನಲ್ಲಿ ನಾವು ‘ಎರ್ಡು’, ‘ನಾಕು’ ಎಂದು ಮೊಟಕು ಮಾಡುತ್ತೇವೆ, ಆದರೂ ಕನ್ನಡದ ಅಂಕಿಗಳೇ ಉದ್ದ.

ಇದರಿಂದ ಏನಾಗುತ್ತದೆ? ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದಂತೆ, ಕೇಳಿದ ಪದಗಳನ್ನು ಕ್ರಮವಾಗಿ ಹೇಳುವ ಶಕ್ತಿ ಪದಗಳ ಉದ್ದವನ್ನು ಅವಲಂಬಿಸುತ್ತದೆ. ಸುಮಾರು ಎರಡು ಸೆಕೆಂಡುಗಳಲ್ಲಿ ಎಷ್ಟನ್ನು ಹೇಳಬಲ್ಲೆವೋ ಅಷ್ಟೇ ನೆನಪಿನಲ್ಲಿ ನಿಲ್ಲುತ್ತದೆ. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಎಂಬಿಬ್ಬರು ಇದನ್ನು ವೇಲ್ಸ್‌ನ ದ್ವಿಭಾಷಿಕರಲ್ಲಿ ಪರೀಕ್ಷಿಸಿದರು. ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಬೇಕು. ಅದೇ ಮನುಷ್ಯರು ವೆಲ್ಷಿನಲ್ಲಿ ಕಡಿಮೆ ಅಂಕಿಗಳನ್ನು, ಇಂಗ್ಲಿಷಿನಲ್ಲಿ ಹೆಚ್ಚು ಅಂಕಿಗಳನ್ನು ನೆನಪಿಟ್ಟರು. ವೆಲ್ಷ್ ಮಕ್ಕಳು ಬುದ್ಧಿಪರೀಕ್ಷೆಯ ಅಂಕಿ ಭಾಗದಲ್ಲಿ ಹಿಂದೆ ಬೀಳುತ್ತಿದ್ದುದಕ್ಕೆ ಇದೇ ಒಂದು ಮುಖ್ಯ ಕಾರಣವೆಂದು ಅವರು ವಾದಿಸಿದರು. ದಡ್ಡತನ ಮಕ್ಕಳದ್ದಾಗಿರಲಿಲ್ಲ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ನಮ್ಮ ಅಂಕಿಗಳೆಲ್ಲ ಉಕಾರದಲ್ಲೇ ಮುಗಿಯುತ್ತವೆ. ‘ಮೂರು’ ಮತ್ತು ‘ಆರು’ ಪ್ರಾಸಬದ್ಧ. ಒಂದರಂತೆ ಒಂದು ಕೇಳಿಸುವ ಪದಗಳು ನೆನಪಿನಲ್ಲಿ ಬೇಗ ಕಲಸಿಹೋಗುತ್ತವೆ ಎಂಬುದು 1960ರ ದಶಕದಿಂದ ಗೊತ್ತಿರುವ ಸಂಗತಿ. ಇಂಗ್ಲಿಷಿನ ಅಂಕಿಗಳಿಗೆ ಗೊತ್ತುಮಾಡಿದ ಮಟ್ಟವನ್ನು ಕನ್ನಡದ ಅಂಕಿಗಳಿಗೆ ಹಾಗೆಯೇ ಅನ್ವಯಿಸಿದರೆ ಆಟ ಶುರುವಾಗುವ ಮೊದಲೇ ನಮ್ಮ ಹಿರಿಯರು ಸೋತಿರುತ್ತಾರೆ.

ಅಕ್ಷರ ಕೊಟ್ಟು ಪದ ಕೇಳುವ ಪರೀಕ್ಷೆಯನ್ನೂ ನೋಡಿ. ಇಂಗ್ಲಿಷಿನಲ್ಲಿ ‘ಎಫ್ ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಹೇಳಿ’ ಎನ್ನುತ್ತಾರೆ. ಕನ್ನಡದಲ್ಲಿ ‘ಕ’ ಎಂದು ಕೊಟ್ಟರೆ ‘ಕಾಗೆ’, ‘ಕಿಟಕಿ’, ‘ಕುರಿ’, ‘ಕೋಳಿ’ ಸಲ್ಲುತ್ತವೆಯೇ? ಕಾಗುಣಿತ ಕಲಿತ ಅಜ್ಜನಿಗೆ ‘ಕ’ ಬೇರೆ, ‘ಕು’ ಬೇರೆ. ಇದನ್ನು ಮೊದಲೇ ಗೊತ್ತುಮಾಡದ ಪರೀಕ್ಷೆ ಒಬ್ಬರಿಗೆ ಎಂಟು ಅಂಕ ಕೊಟ್ಟು ಅದೇ ಉತ್ತರಕ್ಕೆ ಇನ್ನೊಬ್ಬರಿಗೆ ಮೂರು ಕೊಡುತ್ತದೆ.

1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ರೂಪಿಸಿದ ಪ್ರಸಿದ್ಧ ಪರೀಕ್ಷೆಯಲ್ಲಿ ‘ಕೆಂಪು’ ಎಂಬ ಪದವನ್ನು ಹಸಿರು ಶಾಯಿಯಲ್ಲಿ ಬರೆದಿರುತ್ತಾರೆ. ಓದದೆ, ಶಾಯಿಯ ಬಣ್ಣ ಹೇಳಬೇಕು. ಓದುವ ಅಭ್ಯಾಸ ಅಡ್ಡಬರುತ್ತದೆ, ಆ ತಡೆಯನ್ನು ಮೀರಲು ಹಿಡಿದ ಹೊತ್ತೇ ಅಳತೆ. ಆ ಲಿಪಿ ಓದಲು ಬಾರದವರಿಗೆ ಯಾವ ಅಡ್ಡಿಯೂ ಇಲ್ಲ. ಅವರ ಅಂಕ ಅದ್ಭುತವಾಗಿರುತ್ತದೆ, ಅರ್ಥವಿರುವುದಿಲ್ಲ. ಇಂಗ್ಲಿಷನ್ನು ತಡವರಿಸಿ ಓದುವ ನಮ್ಮ ಹಿರಿಯರಿಗೆ ಇದನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಅಳೆಯುತ್ತಿರುವುದು ಸಂಯಮವನ್ನೋ, ಇಂಗ್ಲಿಷನ್ನೋ?

ಎರಡು ಮೂರು ಭಾಷೆ ಬಲ್ಲವರಿಗೆ ಒಂದೊಂದು ಭಾಷೆಯಲ್ಲೂ ಪದ ಹೊರಬರಲು ತುಸು ಹೆಚ್ಚು ಹೊತ್ತು ಬೇಕಾಗಬಹುದು. ಒಂದೇ ಭಾಷೆಯ ಗಡಿಯಾರ ಇದನ್ನು ಕುಂದು ಎಂದು ಎಣಿಸುತ್ತದೆ. ಆದರೆ ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ್ದು ಬೇರೆಯೇ ಚಿತ್ರ: ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅನಕ್ಷರಸ್ಥರಲ್ಲೂ ಈ ವ್ಯತ್ಯಾಸವಿತ್ತು. ಕಾಯಿಲೆಯನ್ನು ದೂರವಿಡಲು ನೆರವಾಗುತ್ತಿರಬಹುದಾದ ಸಂಪತ್ತನ್ನೇ ಪರೀಕ್ಷೆ ಸಾಲದ ಪಟ್ಟಿಗೆ ಬರೆಯುತ್ತಿದೆ.

ಶಾಲೆಯ ಪಾಲು

1975ರಲ್ಲಿ ಬಂದ ಫೋಲ್‌ಸ್ಟೀನ್ ದಂಪತಿಯ 30 ಅಂಕಗಳ ಪ್ರಶ್ನಾವಳಿ, 2005ರಲ್ಲಿ ಮಾಂಟ್ರಿಯಲ್‌ನಿಂದ ಬಂದ ಮೋಕಾ ಎಂಬ ಪ್ರಶ್ನಾವಳಿ, ಇವೆರಡೂ ಕಾಗದದ ಮೇಲೆ ಹುಟ್ಟಿದವು. ಇಂದಿನ ಬಹಳಷ್ಟು ಪರದೆಯ ಪರೀಕ್ಷೆಗಳು ಇವುಗಳ ಮಕ್ಕಳು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದು ಎರಡೂ ಕೇಳುತ್ತವೆ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಮೋಕಾ ಒಂದು ಅಂಕ ಹೆಚ್ಚು ಕೊಡುತ್ತದೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಒಬ್ಬ ರೈತ ಮಹಿಳೆಗೂ ಹನ್ನೆರಡನೆಯ ತರಗತಿ ಮುಗಿಸಿದವರಿಗೂ ಅದೇ ಒಂದು ಅಂಕ! ತನ್ನ ಜಮೀನಿನ ಬಿತ್ತನೆ, ಸಾಲ, ಕೂಲಿ ಲೆಕ್ಕವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡ ಆಕೆಗೆ ಘನಾಕೃತಿಯ ಚಿತ್ರ ಬರೆಯಲು ಬರದಿದ್ದರೆ ಅದು ಮಿದುಳಿನ ಸುದ್ದಿಯಲ್ಲ, ಪೆನ್ಸಿಲ್ಲಿನ ಸುದ್ದಿ.

ಅನುವಾದದಿಂದ ಇದು ಸರಿಹೋಗದು. ಹರಿಯಾಣದ ಬಲ್ಲಭಗಢದಲ್ಲಿ 1990ರ ದಶಕದಲ್ಲಿ ನಡೆದ ಭಾರತ–ಅಮೆರಿಕ ಜಂಟಿ ಅಧ್ಯಯನದವರು ಇದನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿನ ಹಿರಿಯರು ಬಹುಪಾಲು ಓದುಬರಹ ಬಾರದವರು. ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದಿ ಪ್ರಶ್ನಾವಳಿಯಲ್ಲಿ ಓದು, ಬರಹ ಬೇಡುವ ಪ್ರಶ್ನೆಗಳನ್ನು ಬದಲಿಸಿ, ಹಳ್ಳಿಯ ಬದುಕಿಗೆ ಹೊಂದುವ ಪ್ರಶ್ನೆಗಳನ್ನು ಇಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಗಳಲ್ಲಿ ಸಿದ್ಧವಾದ ಪರೀಕ್ಷಾಮಾಲೆಯೂ ಇದೇ ದಾರಿಯದು. ಈಗ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ವರ್ಷ ಮೀರಿದ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ಅಲ್ಲಿ ಬಳಸುವ ಪರೀಕ್ಷೆಗಳಲ್ಲಿ ಕಾಗ್ನಿಟೊ ಎಂಬ ಕಂಪ್ಯೂಟರ್ ಪರೀಕ್ಷಾಮಾಲೆಯೂ ಒಂದು. ಅದು ಹೊರಗಿನಿಂದ ಬಂದದ್ದೇ, ಆದರೆ ಅದನ್ನು ಅಲ್ಲಿನ ಜನರಿಗೆ ಹೊಂದಿಸಿ ಬಳಸುತ್ತಿದ್ದಾರೆ. ನಮ್ಮ ಊರಿನ ಜನರ ಅಂಕವನ್ನು ನಮ್ಮ ಊರಿನ ಜನರೊಡನೆಯೇ ಹೋಲಿಸುವ ಕಾಲ ಇದರಿಂದ ಹತ್ತಿರವಾಗಿದೆ.

ಪದಗಳೇ ಇಲ್ಲದ ಪರೀಕ್ಷೆ ಮಾಡಿದರೆ ಈ ರಗಳೆಯೇ ಇರದಲ್ಲ ಎನ್ನಬಹುದು. 1980ರ ದಶಕದಲ್ಲಿ ಕೇಂಬ್ರಿಡ್ಜಿನ ಟ್ರೆವರ್ ರಾಬಿನ್ಸ್, ಬಾರ್ಬರಾ ಸಹಾಕಿಯನ್ ಮತ್ತು ಸಂಗಡಿಗರು ಕಟ್ಟಿದ ಕ್ಯಾಂಟ್ಯಾಬ್ ಪರೀಕ್ಷಾಮಾಲೆ ಈ ದಿಕ್ಕಿನ ದೊಡ್ಡ ಸಾಧನೆ. ಪರದೆಯಲ್ಲಿ ಪೆಟ್ಟಿಗೆಗಳು ಒಂದೊಂದಾಗಿ ತೆರೆದು ಆಕಾರಗಳನ್ನು ತೋರಿಸಿ ಮುಚ್ಚುತ್ತವೆ. ಯಾವ ಆಕಾರ ಎಲ್ಲಿತ್ತು ಎಂದು ಮುಟ್ಟಿ ತೋರಿಸಬೇಕು. ನೆನಪಿನ ಆರಂಭದ ಕುಂದನ್ನು ಹಿಡಿಯಲು ಇದು ಒಳ್ಳೆಯ ಯೋಚನೆ. ಆದರೂ ಅರ್ಥವಿಲ್ಲದ ಆಕಾರಗಳನ್ನು ನೋಡಿ ನೆನಪಿಡುವ ಆಟವೇ ಶಾಲೆ ಕಲಿಸುವ ಆಟ. ಪದವನ್ನು ತೆಗೆದ ಮಾತ್ರಕ್ಕೆ ಸಂಸ್ಕೃತಿ ಹೊರಟುಹೋಗುವುದಿಲ್ಲ.

ಕಳೆದರೂ ಉಳಿಯುವ ತೊಂದರೆ

ಇಷ್ಟು ಹೊತ್ತು ಕಳೆಯಿರಿ ಕಳೆಯಿರಿ ಎಂದು ಹೇಳಿದೆ. ಕಳೆಯುವುದಕ್ಕೂ ಬೆಲೆಯಿದೆ. ಭತ್ತದ ಲಾರಿಯನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತುಂಬಿದಾಗ ತೂಗಿ, ಖಾಲಿ ಮಾಡಿ ತೂಗಿ, ವ್ಯತ್ಯಾಸದಿಂದ ಭತ್ತದ ತೂಕ ತಿಳಿಯುತ್ತೇವೆ. ಇದು ಸರಿ. ಅದೇ ರೀತಿ ಒಂದು ಸೇರು ಅಕ್ಕಿಯನ್ನು ಲಾರಿಯಲ್ಲಿಟ್ಟು ತೂಗಲು ಹೊರಟರೆ? ಎರಡು ತೂಕಗಳ ದೋಷವೂ ಕೂಡಿಕೊಂಡು ಅಕ್ಕಿಯನ್ನೇ ನುಂಗಿಬಿಡುತ್ತದೆ. ಡಾಂಡರ್ಸನ ವಿಧಾನದಲ್ಲಿ ಒಬ್ಬ ವ್ಯಕ್ತಿಯನ್ನು ಅಳೆಯುವಾಗ ಆಗುವುದು ಇದೇ.

ಕಾರ್ಡಿಫ್ ವಿಶ್ವವಿದ್ಯಾಲಯದ ಹೆಡ್ಜ್, ಪೊವೆಲ್ ಮತ್ತು ಸಮ್ನರ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಸ್ಟ್ರೂಪ್‌ನಂಥ ಪರೀಕ್ಷೆಗಳ ಪರಿಣಾಮ ಹೆಚ್ಚುಕಡಿಮೆ ಎಲ್ಲರಲ್ಲೂ ಕಾಣುತ್ತದೆ. ಎಲ್ಲರಲ್ಲೂ ಒಂದೇ ತೆರನಾಗಿ ಕಾಣುವುದರಿಂದಲೇ ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಕಡಿಮೆ. ಆದ್ದರಿಂದ ಅದೇ ಜನರನ್ನು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿದರೆ ಯಾರು ಮುಂದೆ, ಯಾರು ಹಿಂದೆ ಎಂಬ ಸಾಲು ಅದಲುಬದಲಾಗಬಹುದು. ಮನಸ್ಸಿನ ಸಾಮಾನ್ಯ ನಿಯಮವನ್ನು ತಿಳಿಯಲು ಅತ್ಯುತ್ತಮವಾದ ಪರೀಕ್ಷೆ, ನಿಮ್ಮ ಅಪ್ಪನ ಬಗ್ಗೆ ತೀರ್ಪು ಕೊಡಲು ಅಷ್ಟೇ ಉತ್ತಮವಲ್ಲ. ಪ್ರಯೋಗಾಲಯದಿಂದ ಅಂಗಡಿಗೆ ಬರುವ ದಾರಿಯಲ್ಲಿ ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅಭ್ಯಾಸದ ತೊಡಕು ಬೇರೆ. ಎರಡನೆಯ ಸಲ ತೆಗೆದುಕೊಂಡಾಗ ಅಂಕ ಏರುವುದು ಸಹಜ. ಆಟ ಅಭ್ಯಾಸವಾದದ್ದನ್ನು ಬುದ್ಧಿ ಬೆಳೆದದ್ದು ಎಂದು ಮಾರುವವರೂ ಇದ್ದಾರೆ. 2016ರ ಜನವರಿಯಲ್ಲಿ ಲುಮಾಸಿಟಿ ಎಂಬ ಮಿದುಳಿನ ಆಟಗಳ ತಯಾರಕರು, ತಮ್ಮ ಜಾಹೀರಾತುಗಳು ಜನರನ್ನು ದಾರಿತಪ್ಪಿಸಿದವೆಂಬ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪವನ್ನು ಇತ್ಯರ್ಥ ಮಾಡಿಕೊಳ್ಳಲು 20 ಲಕ್ಷ ಡಾಲರ್ ಕಟ್ಟಲು ಒಪ್ಪಿದರು.

ಅಂಕದಿಂದ ತೀರ್ಪಿಗೆ

ಪರೀಕ್ಷೆ ಚೆನ್ನಾಗಿಯೇ ಇದೆ ಎಂದುಕೊಳ್ಳೋಣ. ಉದಾಹರಣೆಗೆ 1000 ಹಿರಿಯರನ್ನು ಊಹಿಸಿ, ಅವರಲ್ಲಿ 50 ಜನರಿಗೆ ಕಾಯಿಲೆಯಿದೆ. ಪರೀಕ್ಷೆ ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ನೂರಕ್ಕೆ 90 ಸಲ ಸರಿಯಾಗಿ ಹೇಳುತ್ತದೆ. ಕಾಯಿಲೆಯಿರುವ 45 ಜನ ಸಿಕ್ಕಿಬೀಳುತ್ತಾರೆ. ಕಾಯಿಲೆಯಿಲ್ಲದ 950 ಜನರಲ್ಲಿ 95 ಮಂದಿಯೂ ಸಿಕ್ಕಿಬೀಳುತ್ತಾರೆ. ಕೆಂಪು ಬಣ್ಣ ಕಂಡ 140 ಜನರಲ್ಲಿ 95 ಜನರಿಗೆ ಏನೂ ಆಗಿಲ್ಲ! ‘90 ಪ್ರತಿಶತ ನಿಖರ’ ಎಂಬ ಜಾಹೀರಾತಿನ ಹಿಂದೆ ಇರುವ ಲೆಕ್ಕ ಇದು. ಲಕ್ಷಣಗಳಿಲ್ಲದ ಹಿರಿಯರೆಲ್ಲರಿಗೂ ಇಂಥ ತಪಾಸಣೆ ಮಾಡುವುದರಿಂದ ಲಾಭ ಹೆಚ್ಚೋ ಹಾನಿ ಹೆಚ್ಚೋ ಎಂದು ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದು ಈ ದೇಶದ ರೋಗತಡೆ ಕಾರ್ಯಪಡೆ 2020ರಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಕೆಂಪು ಬಣ್ಣ ಕಂಡ ಮೇಲೆ ಮಾಡಬೇಕಾದ್ದು ಬೇರೆ ಇದೆ. ನಾನು ರೋಗಿಗಳನ್ನು ನೋಡುತ್ತಿದ್ದ ವರ್ಷಗಳಲ್ಲಿ ಮರೆವಿನ ದೂರು ಬಂದಾಗ ಮೊದಲು ಹುಡುಕುತ್ತಿದ್ದುದು ವಾಸಿಮಾಡಬಹುದಾದ ಕಾರಣಗಳನ್ನು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಗೊರಕೆಯೊಡನೆ ಉಸಿರು ಕಟ್ಟುವ ನಿದ್ರೆ, ಕಿವುಡು, ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೆಗಡಿ ಮತ್ತು ನಿದ್ರೆಯ ಮಾತ್ರೆಗಳು. ಟ್ಯಾಬ್ಲೆಟ್ಟಿನ ಅಂಕ ಈ ಯಾವುದನ್ನೂ ಬೇರ್ಪಡಿಸಿ ಹೇಳುವುದಿಲ್ಲ.

ಒಳ್ಳೆಯ ಪರೀಕ್ಷೆ ಮತ್ತು ನಮ್ಮ ಕರ್ತವ್ಯ

ಹಾಗೆಂದು ನಾನು ಕಂಪ್ಯೂಟರ್ ವಿರೋಧಿಯಲ್ಲ. ಮನುಷ್ಯ ಪರೀಕ್ಷಕನಿಗೆ ದಣಿವಿದೆ, ಮರುಕವಿದೆ, ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳಿದೆ. ಯಂತ್ರ ಪ್ರತಿಯೊಂದು ಉತ್ತರದ ಸಮಯವನ್ನೂ ಇಟ್ಟುಕೊಳ್ಳುತ್ತದೆ. 1985ರಲ್ಲಿ ಡಿಂಜಿಸ್ ಮತ್ತು ಪೊವೆಲ್ ರೂಪಿಸಿದ ಎಚ್ಚರದ ಪರೀಕ್ಷೆ ನನ್ನ ಮೆಚ್ಚಿನದು. ಹತ್ತು ನಿಮಿಷ ಕಾಯುತ್ತ ಕೂರಬೇಕು. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಸಂಕೇತ ಕಂಡೊಡನೆ ಗುಂಡಿ ಒತ್ತಬೇಕು. ಅರ್ಧ ಸೆಕೆಂಡು ಮೀರಿದ ಉತ್ತರಗಳೆಷ್ಟು ಎಂದು ಎಣಿಸುತ್ತಾರೆ. ಭಾಷೆ ಬೇಡ, ಶಾಲೆ ಬೇಡ, ಅಭ್ಯಾಸದಿಂದ ಅಂಕ ಹೆಚ್ಚು ಏರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿದ್ರೆಗೆಟ್ಟ ಮನುಷ್ಯನನ್ನು ನಿದ್ರೆ ಮಾಡಿದ ಅದೇ ಮನುಷ್ಯನೊಡನೆ ಅದು ಹೋಲಿಸುತ್ತದೆ. ಇದರ ಮೂರು ನಿಮಿಷದ ರೂಪವನ್ನು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲೂ ಬಳಸಿದ್ದಾರೆ. ಮೇಲಿನ ಎಲ್ಲ ಪಾಲುಗಳನ್ನೂ ಕಳೆಯಲು ಅತ್ಯಂತ ಸುಲಭದ ದಾರಿ ಇದೇ: ಒಬ್ಬರನ್ನು ಅವರೊಡನೆಯೇ ಹೋಲಿಸುವುದು. ಅದೇ ಕಣ್ಣು, ಅದೇ ಬೆರಳು, ಅದೇ ಕನ್ನಡ, ಅದೇ ಶಾಲೆ, ಸಾಧ್ಯವಾದರೆ ಅದೇ ಯಂತ್ರ. ವರ್ಷ ವರ್ಷ ನೋಡಿದರೆ ಕಾಣುವ ಇಳಿತ, ಒಂದು ದಿನದ ಅಂಕಕ್ಕಿಂತ ನೂರು ಪಾಲು ನಂಬಲರ್ಹ.

ನಮ್ಮ ಸದಸ್ಯರಿಗೆ ನನ್ನ ಸಲಹೆಗಳು ಇವು. ಬೆಂಗಳೂರಿನಿಂದ ವಿಮಾನ ಇಳಿದ ವಾರದಲ್ಲಿ ಅಪ್ಪ ಅಮ್ಮನನ್ನು ಈ ಪರೀಕ್ಷೆಗೆ ಕೂರಿಸಬೇಡಿ, ಹಗಲು ರಾತ್ರಿ ತಿರುಗುಮುರುಗಾಗಿರುತ್ತದೆ. ಕನ್ನಡಕ, ಶ್ರವಣಯಂತ್ರ ಜೊತೆಗಿರಲಿ. ಯಾವ ಭಾಷೆಯ, ಎಷ್ಟು ಓದಿದ ಜನರೊಡನೆ ಈ ಅಂಕವನ್ನು ಹೋಲಿಸಿದ್ದೀರಿ ಎಂದು ವೈದ್ಯರನ್ನು ಕೇಳಿ, ಕೇಳುವುದು ಉದ್ಧಟತನವಲ್ಲ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳಲ್ಲಿ ದುಭಾಷಿಯ ಸಹಾಯ ಕೇಳುವುದು ನಿಮ್ಮ ಹಕ್ಕು. ಮಗನೋ ಸೊಸೆಯೋ ದುಭಾಷಿಯಾದರೆ ಪ್ರೀತಿಯಿಂದಲೇ ಉತ್ತರ ಹೇಳಿಕೊಟ್ಟುಬಿಡುತ್ತಾರೆ. ಮನೆಯಲ್ಲಿ ಕಂಡದ್ದನ್ನು ಬರೆದುಕೊಂಡು ಹೋಗಿ: ದಿನಾ ಮಾಡುವ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿದೆಯೇ, ಗೊತ್ತಿರುವ ದಾರಿ ತಪ್ಪುತ್ತಿದೆಯೇ, ಕೇಳಿದ ಪ್ರಶ್ನೆಯನ್ನೇ ಗಳಿಗೆಗೊಮ್ಮೆ ಕೇಳುತ್ತಾರೆಯೇ? ಇಂಥ ಬದಲಾವಣೆ ನಿಜವಾಗಿ ಕಂಡಿದ್ದರೆ, ಪರೀಕ್ಷೆ ಹಸಿರು ತೋರಿಸಿದರೂ ಸುಮ್ಮನಾಗಬೇಡಿ. ಕಂಡಿಲ್ಲವಾದರೆ, ಕೆಂಪು ತೋರಿಸಿದ ಮಾತ್ರಕ್ಕೆ ಕಾರಿನ ಕೀಲಿಕೈ ಕಸಿದುಕೊಳ್ಳಬೇಡಿ, ತಜ್ಞರ ಬಳಿಗೆ ಕರೆದೊಯ್ಯಿರಿ.

ಸಂಘದ ಮುಂದೆಯೂ ಒಂದು ಮಾತಿಡುತ್ತೇನೆ. ನಮ್ಮಲ್ಲಿ ಸಾಫ್ಟ್‌ವೇರ್ ಬಲ್ಲವರಿಗೆ ಬರವಿಲ್ಲ, ವೈದ್ಯರಿಗೂ ಬರವಿಲ್ಲ, ಕನ್ನಡದಲ್ಲೇ ಯೋಚಿಸುವ ಹಿರಿಯರೂ ಇದ್ದಾರೆ. ಇಂಗ್ಲಿಷ್ ಪರೀಕ್ಷೆಯನ್ನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸುವ ಕೆಲಸಕ್ಕೆ ಯಾರೂ ಕೈಹಾಕುವುದು ಬೇಡ. ಬೆಂಗಳೂರು, ಶ್ರೀನಿವಾಸಪುರಗಳಲ್ಲಿ ಆಗಿರುವ ಕೆಲಸವನ್ನು ಓದಿ, ಇಲ್ಲಿನ ವಿಶ್ವವಿದ್ಯಾಲಯಗಳ ಅಧ್ಯಯನಗಳಲ್ಲಿ ಕನ್ನಡದ ಹಿರಿಯರು ಸ್ವಯಂಸೇವಕರಾಗಿ ಹೆಸರು ಕೊಡುವಂತೆ ಮಾಡಿದರೆ ಅದೇ ದೊಡ್ಡ ಸೇವೆ. ಹೋಲಿಕೆಯ ಪಟ್ಟಿಯಲ್ಲಿ ನಮ್ಮವರೇ ಇಲ್ಲದಿದ್ದರೆ ನಮ್ಮವರ ಅಂಕವನ್ನು ಯಾರೂ ಸರಿಯಾಗಿ ಓದಲಾರರು.